ಸಂಜೆಯ ಬೆಲೆ

ಗಂಟಲಿನ ಆಪರೇಷನ್ ಮುಗಿಸಿಕೊಂಡು ಅಪ್ಪ ಮನೆಗೆ ಬಂದ ದಿನವೇ ಅಡುಗೆಮನೆಯಲ್ಲಿ ಜಗಳ ಶುರುವಾಯಿತು. ವಿಷಯ ಇಷ್ಟೇ: ನಾಳೆ ಬೆಳಿಗ್ಗೆ ಮಂಡಿಯಲ್ಲಿ ಬೆಲೆ ಹೇಳುವವರು ಯಾರು?

ಡಾಕ್ಟರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ತಾವು ಹೇಳುವವರೆಗೆ ಮಾತಿಲ್ಲ. ಪಿಸುಮಾತೂ ಇಲ್ಲ, ಅದು ಕೂಗುವುದಕ್ಕಿಂತ ಕೆಟ್ಟದ್ದು. ಕೆಲವು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಧ್ವನಿ ಬರುತ್ತದೆ. ಎಷ್ಟು ಬರುತ್ತದೆ ಎನ್ನುವುದನ್ನು ಆಮೇಲೆ ನೋಡೋಣ. ಹಣ್ಣಿನ ಸಗಟು ವ್ಯಾಪಾರ ಮಾಡುತ್ತ ಬೆಳಗಿನಿಂದ ಸಂಜೆಯವರೆಗೆ ಕೂಗುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಗೋಡೆಗೊರಗಿ, ಎಲ್ಲರನ್ನೂ ಮಿಕಿಮಿಕಿ ನೋಡುತ್ತ ಕೂತಿದ್ದ.

"ನಾನು ಹೇಳ್ತೀನಿ ಬೆಲೆ," ಅಂದ ಮಗ. ಅಂಗಡಿಯಲ್ಲಿ ಕ್ರೇಟು ಎತ್ತುವುದು, ವ್ಯಾನು ಓಡಿಸುವುದು ಅವನ ಪಾಲಿನ ಕೆಲಸ.

"ನೀನಾ?" ಅಮ್ಮ ಆಲೂಗೆಡ್ಡೆ ಹೆಚ್ಚುವುದನ್ನು ನಿಲ್ಲಿಸಿದಳು. "ಯಾರಾದ್ರೂ ಸ್ವಲ್ಪ ಹಲ್ಲು ಕಿರಿದ್ರೆ ಸಾಕು, ಅರ್ಧಕ್ಕೆ ಕೊಟ್ಟು ಮೇಲೊಂದು ಪಪ್ಪಾಯಿ ಇಟ್ಟು ಕಳಿಸ್ತೀಯ."

"ಅದು ಒಂದ್ಸಲ ಅಮ್ಮಾ."

"ಒಂದ್ಸಲ ನನಗೆ ಗೊತ್ತಾಗಿದ್ದು. ಗೊತ್ತಾಗದೆ ಇರೋದು ಎಷ್ಟೋ!"

ಮೆಟ್ಟಿಲಿಳಿದು ಬಂದ ಮಗಳು ಲ್ಯಾಪ್‌ಟಾಪನ್ನು ಆಲೂಗೆಡ್ಡೆ ಸಿಪ್ಪೆಯ ಪಕ್ಕದಲ್ಲೇ ಇಟ್ಟಳು. "ಯಾರೂ ಹೇಳೋದು ಬೇಡ. ಇದು ಹೇಳುತ್ತೆ."

ಮಗಳು ಮನೆಯ ಮೇಲಿನ ಕೋಣೆಯಲ್ಲಿ ಕೂತು ಕಂಪನಿಯೊಂದಕ್ಕೆ ಪ್ರೋಗ್ರಾಂ ಬರೆದುಕೊಡುವವಳು. ಬಿಡುವಿನಲ್ಲಿ ತನ್ನದೇ ಒಂದು ಲೈಬ್ರರಿ ಕಟ್ಟಿದ್ದಳು, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ. ಪುಸ್ತಕದ ಲೈಬ್ರರಿಯಲ್ಲ, ವ್ಯಾಪಾರದ ಪ್ರೋಗ್ರಾಂ ಬರೆಯುವವರು ಎಲ್ಲವನ್ನೂ ಬುಡದಿಂದ ಕಟ್ಟುವ ಬದಲು ಎತ್ತಿ ಜೋಡಿಸಿಕೊಳ್ಳಬಹುದಾದ ಸಿದ್ಧ ತುಂಡುಗಳು. ಆರ್ಡರ್ ಎಂದರೇನು, ಅದು ಯಾವಾಗ ತೆರೆಯುತ್ತದೆ, ಯಾವಾಗ ಮುಗಿಯುತ್ತದೆ, ಯಾವಾಗ ರದ್ದಾಗುತ್ತದೆ. ಬೆಲೆ ಎಲ್ಲಿಂದ ಹುಟ್ಟುತ್ತದೆ, ಜಾಸ್ತಿ ಕೊಂಡರೆ ಎಷ್ಟು ಇಳಿಯುತ್ತದೆ, ಸರಕು ಹಳತಾದರೆ ಎಷ್ಟು ಇಳಿಯುತ್ತದೆ, ಎಲ್ಲ ಅದರಲ್ಲಿತ್ತು. ಯಾರು ಬೇಕಾದರೂ ತೆಗೆದುಕೊಳ್ಳಬಹುದಾಗಿತ್ತು, ಎಲ್ಲೆಲ್ಲಿಯವರೋ ತೆಗೆದುಕೊಂಡೂ ಇದ್ದರು. ಮನೆಯವರು ಮಾತ್ರ ಅದರ ಗೊಡವೆಗೆ ಹೋಗಿರಲಿಲ್ಲ.

"ಬೆಲೆ ಕಟ್ಟೋ ಸಾಮಾನನ್ನೇ ಬಿಟ್ಟಿ ಕೊಡ್ತಾಳಂತೆ," ಅಂದಳು ಅಮ್ಮ. "ವ್ಯಾಪಾರಸ್ಥನ ಹೊಟ್ಟೆಯಲ್ಲಿ ಹುಟ್ಟಿದವಳು!"

ಅಪ್ಪನ ಭುಜ ಕುಲುಕಿತು. ಸದ್ದಿಲ್ಲದ ನಗು ಮನೆಗೆ ಹೊಸದು.

ಮರುದಿನ ಎದುರಂಗಡಿಯವನು ಬಿಸ್ಕತ್ತಿನ ಪೊಟ್ಟಣ ಹಿಡಿದು ರೋಗಿಯನ್ನು ನೋಡಲು ಬಂದ. ಅವನದೂ ಹಣ್ಣಿನದೇ ವ್ಯಾಪಾರ. ಗಂಟಲು ಹೇಗಿದೆ, ನಿದ್ದೆ ಬರುತ್ತಾ ಎಂದೆಲ್ಲ ಕೇಳಿ, ಚಹಾ ಕುಡಿದು, ಏಳುವ ಹೊತ್ತಿಗೆ ಮೆತ್ತಗೆ ಅಂದ: "ಕೂಗೋನಿಲ್ಲದೆ ಮಂಡಿ ನಡೆಯಲ್ಲ, ನಿನಗೂ ಗೊತ್ತು. ಅಂಗಡಿ ಕೊಡೋ ಮನಸ್ಸು ಬಂದ್ರೆ ನನ್ನನ್ನೇ ಮೊದಲು ಕೇಳು. ಹುಡುಗನಿಗೆ ನನ್ನಲ್ಲೇ ಕೆಲಸ ಕೊಡ್ತೀನಿ."

ಅವನು ಹೋದ ಮೇಲೆ ಅಪ್ಪ ಹಣ್ಣಿನ ಪೆಟ್ಟಿಗೆಯ ರಟ್ಟು ಹರಿದು, ದಪ್ಪ ಪೆನ್ನಿನಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಹಿಡಿದ: 'ಗಾಡಿಗಳು ಉಳಿದರೆ ಅಂಗಡಿ ಉಳಿಯುತ್ತೆ. ಗಾಡಿಗಳು ಹೋದರೆ ಅವನಿಗೆ ಕೊಟ್ಟುಬಿಡ್ತೀನಿ.'

ಅದು ನಿಜವೇ ಆಗಿತ್ತು. ಊರಿನ ಚಿಲ್ಲರೆ ಅಂಗಡಿಗಳವರು ಫೋನು ಮಾಡಿ ಗಟ್ಟಿ ಹಣ್ಣು ತರಿಸಿಕೊಳ್ಳುತ್ತಾರೆ, ನಾಲ್ಕು ದಿನ ಇಟ್ಟು ಮಾರುತ್ತಾರೆ. ನಾಳೆಯ ಬಿಸಿಲು ನೋಡಲಾರದ ಮಾಗಿದ ಹಣ್ಣನ್ನು ಒಯ್ಯುವವರು ತಳ್ಳುಗಾಡಿಯವರು. ಅವರಿಲ್ಲದಿದ್ದರೆ ಅರ್ಧ ಸರಕು ಅಂಗಡಿಯ ಹಿಂದೆಯೇ ಕೊಳೆಯಬೇಕು.

ಆ ವಾರವೆಲ್ಲ ಊಟದ ಮೇಜಿನ ಮೇಲೆ ಪಾಠ ನಡೆಯಿತು. ಅಪ್ಪನ ಮುಂದೆ ತೆಳ್ಳನೆಯ ಗಂಜಿ, ಉಳಿದವರ ಮುಂದೆ ಬ್ರೆಡ್ಡು ಮೊಟ್ಟೆ, ನಡುವೆ ಲ್ಯಾಪ್‌ಟಾಪು.

"ಅಪ್ಪಾ, ಇವತ್ತಿನ ಬೆಲೆ ಇಷ್ಟು ಅಂತ ನೀನು ಹೇಗೆ ತೀರ್ಮಾನ ಮಾಡ್ತೀಯ?"

ಅಪ್ಪ ಹೆಬ್ಬೆರಳನ್ನು ಬೆರಳಿಗೆ ಉಜ್ಜಿದ, ಮೂಗಿನ ಹತ್ತಿರ ಹಿಡಿದ, ಕಿಟಕಿಯಾಚೆ ಆಕಾಶ ತೋರಿಸಿದ.

ಅಮ್ಮ ಅರ್ಥ ಹೇಳಿದಳು: "ಹಣ್ಣು ಒತ್ತಿ ನೋಡ್ತೀನಿ, ಮೂಸಿ ನೋಡ್ತೀನಿ, ಬಿಸಿಲು ನೋಡ್ತೀನಿ, ಲಾರಿ ಎಷ್ಟು ಬಂದಿದೆ ನೋಡ್ತೀನಿ. ಒಳ್ಳೇದನ್ನೆಲ್ಲ ಊರಿಗೆ ಮಾರಿ ಹೆಂಡತಿಗೆ ಒಡೆದ ದ್ರಾಕ್ಷಿ ತರ್ತೀನಿ."

ಅಪ್ಪ ಮೇಜು ಗುದ್ದಿದ.

"ಕೊನೇದು ನಾನು ಸೇರಿಸಿದ್ದು. ಸುಳ್ಳಾ ಹೇಳು?"

ಅಪ್ಪ ಮುಖ ಗಂಜಿಯ ಕಡೆ ತಿರುಗಿಸಿದ.

ಹೀಗೆ ಒಂದೊಂದೇ ನಿಯಮ ಹೊರಬಂತು. ಮಗಳು ಪಟಪಟ ಬರೆದುಕೊಂಡಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅಪ್ಪನ ತಲೆಯೊಳಗೆ ಏನಿದೆ ಎಂದು ಕೇಳಿರಲಿಲ್ಲ ಎನ್ನುವುದು ಅವಳಿಗೇ ಆಶ್ಚರ್ಯವಾಯಿತು. ಚಿಕ್ಕವಳಿದ್ದಾಗ ಶಾಲೆಗೆ ಹೋಗುವ ಮೊದಲು ಮಂಡಿಗೆ ಇಣುಕುತ್ತಿದ್ದಳು, ಕಿತ್ತಳೆ ಎತ್ತಿಕೊಂಡು ಓಡುತ್ತಿದ್ದಳು. ಸಂಜೆ ಅವಳಿಗೆ ಪಾಠ, ಆಮೇಲೆ ಕಾಲೇಜು, ಆಮೇಲೆ ಕೆಲಸ. ಮಂಡಿಯ ಸಂಜೆಯನ್ನು ಅವಳು ಕಂಡಿರಲೇ ಇಲ್ಲ. ಅಪ್ಪ ಸಂಜೆಯ ಸುದ್ದಿ ಎತ್ತಲಿಲ್ಲ. ಅವನ ಮಟ್ಟಿಗೆ ಅದು ನಿಯಮವೇ ಅಲ್ಲ, ಉಸಿರಾಟದ ಹಾಗೆ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಮೊದಲ ದಿನಗಳು ಚೆನ್ನಾಗಿಯೇ ಹೋದವು. ಬೆಳಿಗ್ಗೆ ಅಪ್ಪ ಹಣ್ಣು ಒತ್ತಿ, ಮೂಸಿ, ಬೆರಳಲ್ಲಿ ಗುಣ ತೋರಿಸುವನು. ಮಗ ಅದನ್ನು ಫೋನಿಗೆ ತುಂಬುವನು. ಬೆಲೆ ಸಿದ್ಧವಾಗಿ ಅಂಗಡಿಯವರ ಫೋನುಗಳಿಗೆ ತಾನೇ ಹೋಗುವುದು. "ಇಷ್ಟು ದಿನ ನಿಮ್ಮಪ್ಪನ ಕೂಗಿಗೆ ಫೋನು ದೂರ ಹಿಡೀತಿದ್ವಿ, ಈಗ ಕಿವಿಗೆ ಆರಾಮ," ಎಂದು ಒಬ್ಬ ಅಂಗಡಿಯವನು ನಕ್ಕನಂತೆ.

ತೊಡಕಾದದ್ದು ತಳ್ಳುಗಾಡಿಗಳ ಲೆಕ್ಕದಲ್ಲಿ. ಮಗ ಬೆಳಿಗ್ಗೆ ಅವರ ಕ್ರೇಟುಗಳನ್ನು ಬರೆದ. ಗಾಡಿಯವರ ಬೆಲೆ ಯಾವಾಗಲೂ ಸಂಜೆಗೇ ಆದ್ದರಿಂದ ಆ ಜಾಗ ಖಾಲಿ ಬಿಟ್ಟ. ತೆರೆಯ ಮೇಲೆ ಕೆಂಪು ಅಕ್ಷರ ಬಂತು. ಅಕ್ಕನಿಗೆ ಫೋನು ಮಾಡಿದ.

"ಬೆಲೆ ಇಲ್ಲ ಅಂತ ಬೈತಾ ಇದೆ ಅಕ್ಕ."

ಅಕ್ಕ ಕಂಪನಿಯ ಮೀಟಿಂಗಿನಲ್ಲಿದ್ದಳು. "ಬೆಲೆ ಇಲ್ಲದೆ ಆರ್ಡರ್ ಹೇಗಾಗುತ್ತೋ? ತಡಿ, ಖಾಲಿ ಇದ್ರೆ ಆ ಹೊತ್ತಿನ ಬೆಲೇನ ಅದೇ ಹಾಕ್ಕೊಳ್ಳೋ ಹಾಗೆ ಮಾಡ್ತೀನಿ."

"ಆಮೇಲೆ ತೊಂದರೆ ಇಲ್ವಾ?"

"ಏನು ತೊಂದರೆ?" ಅಂದಳು. ಕೆಂಪು ಅಕ್ಷರ ಹೋಯಿತು. ಮಗನಿಗೆ ಅಷ್ಟೇ ಬೇಕಿತ್ತು. ಸಂಜೆಯದು ಸಂಜೆಗೆ ಅಕ್ಕನ ಯಂತ್ರವೇ ನೋಡಿಕೊಳ್ಳುತ್ತದೆ ಎಂದುಕೊಂಡ. ಅಕ್ಕ ಸಂಜೆ ಎನ್ನುವುದೊಂದಿದೆ ಎಂದೇ ತಿಳಿಯದವಳು. ನಾಲ್ಕಾರು ದಿನ ಬಿಸಿಲು ಚೆನ್ನಾಗಿ ಕಾದು ಹಣ್ಣು ಬೇಗಬೇಗ ಮಾರಿಹೋಗಿದ್ದರಿಂದ ಬೆಳಗಿನ ಬೆಲೆಯೇ ಸಂಜೆಗೂ ಹೊಂದಿ, ಯಾರೂ ಸೊಲ್ಲೆತ್ತಲಿಲ್ಲ.

ಆಮೇಲೆ ಒಂದು ದಿನ ಬೆಳಿಗ್ಗೆ ಬೆಂಕಿಯಂಥ ಬಿಸಿಲು ಇದ್ದದ್ದು ಮಧ್ಯಾಹ್ನಕ್ಕೆ ಮೋಡ ಕವಿದು ಚಳಿಗಾಳಿ ಬೀಸಿತು. ಕಲ್ಲಂಗಡಿ ಹಣ್ಣನ್ನು ಯಾರೂ ತಿರುಗಿ ನೋಡಲಿಲ್ಲ. ಸಂಜೆ ಬಿರುಗಾಳಿ ಬಂದಳು. ಬಿರುಗಾಳಿ ಎನ್ನುವುದು ಗಾಡಿಯ ಹೆಂಗಸೊಬ್ಬಳಿಗೆ ಮಂಡಿಯವರಿಟ್ಟ ಹೆಸರು. ಅವಳು ಒಳಗೆ ಬಂದಳೆಂದರೆ ತಕ್ಕಡಿಯ ತಟ್ಟೆಯೂ ಅಲುಗುತ್ತದೆ ಎಂದು ನಗುತ್ತಿದ್ದರು. ಅಪ್ಪನನ್ನು ಅಣ್ಣ ಎನ್ನುವಳು, ಅಮ್ಮನನ್ನು ಅತ್ತಿಗೆ ಎನ್ನುವಳು. ಹಿಂದೆ ಮೂರುಚಕ್ರ ಬಂದ. ಅವನ ಗಾಡಿಯ ನಾಲ್ಕನೇ ಚಕ್ರ ಯಾವತ್ತೂ ರಿಪೇರಿಯಲ್ಲಿರುತ್ತಿತ್ತು.

"ಇವತ್ತು ಹಣ್ಣಲ್ಲ, ಕಲ್ಲು ತಳ್ಳಿದ ಹಾಗಾಯ್ತು," ಅಂದಳು ಬಿರುಗಾಳಿ. "ಹೇಳಪ್ಪ, ಏನು ಮಾಡೋಣ?"

ಅಪ್ಪ ಆ ಹೊತ್ತಿಗೆ ಡಾಕ್ಟರ ಹತ್ತಿರ ಹೋಗಿದ್ದ. ಮಗ ಫೋನು ನೋಡಿದ. "ಕ್ರೇಟಿಗೆ ಅರವತ್ತು."

"ಏನಂದೆ?"

"ಬೆಳಿಗ್ಗೇನೇ ಹಾಕ್ಬಿಟ್ಟಿದೆ ಅತ್ತೆ. ಅದರಲ್ಲಿ ಹಾಗೇ ಇದೆ."

"ಅದರಲ್ಲಿ ಇದ್ರೆ ಅದಕ್ಕೇ ಮಾರು! ನನ್ನ ಗಾಡಿಯಲ್ಲಿ ಅರ್ಧ ಹಣ್ಣು ಹಾಗೇ ಕೂತಿದೆ, ಬೆಳಿಗ್ಗೆ ಮೊಹರು ಒತ್ತಿ ಕೂತಿದೀರಾ? ಅಣ್ಣನಿಗೆ ಧ್ವನಿ ಹೋಯ್ತು ಅಂದ್ರೆ ಕರುಳೂ ಹೋಯ್ತಾ?"

ಮಗ ಅಕ್ಕನಿಗೆ ಫೋನು ಮಾಡಿದ. "ಮುಗಿದ ಆರ್ಡರ್ ಬೆಲೆ ಬದಲಾಯಿಸೋಕೆ ಬರಲ್ಲ ಕಣೋ," ಅಂದಳು ಅವಳು. ಬಿರುಗಾಳಿ ಹಣವನ್ನು ತಕ್ಕಡಿಯಲ್ಲಿ ಸುರಿದು, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೊಡವಿ ಹೊರಟುಹೋದಳು. ಮೂರುಚಕ್ರ ನೋಟುಗಳನ್ನು ಎಣಿಸಿದ. ಅವನೂ ಕೊಟ್ಟು ಹೋದ.

ಮರುದಿನ ಬೆಳಿಗ್ಗೆ ಅವರ ಗಾಡಿಗಳು ಎದುರಂಗಡಿಯ ಮುಂದೆ ನಿಂತಿದ್ದವು. ವಾರ ಮುಗಿಯುವುದರೊಳಗೆ ಉಳಿದವರೂ ರಸ್ತೆ ದಾಟಿದರು. ಅಪ್ಪ ತನ್ನ ಅಂಗಡಿಯ ಬಾಗಿಲಲ್ಲಿ ಮಫ್ಲರ್ ಸುತ್ತಿಕೊಂಡು ಕೂತು ನೋಡುತ್ತಿದ್ದ. ಕೈಯೆತ್ತಿ ಒಂದು ಕೂಗು ಹಾಕಿದರೆ ಎಲ್ಲರೂ ತಿರುಗುವಷ್ಟೇ ದೂರ. ಹಿಂದೆ ಬಾಳೆಹಣ್ಣು ಕಪ್ಪಗಾಗುತ್ತಿತ್ತು.

ಅವತ್ತು ಊಟಕ್ಕೆ ಕೂತಾಗ ಅಪ್ಪ ಗಂಜಿಯ ಬಟ್ಟಲನ್ನು ದೂರ ತಳ್ಳಿದ. ಬೆರಳನ್ನು ಮಗಳ ಕಡೆ ಚಾಚಿ, ಕೈ ಎರಡೂ ಬದಿಗೆ ಬಿಚ್ಚಿದ.

"ಪರವಾಗಿಲ್ಲ ಬಿಡು ಮಗಳೇ ಅಂತಿದಾರೆ," ಅಂದಳು ಅಮ್ಮ.

ಅಪ್ಪ ಅಲ್ಲವೆಂದು ಜೋರಾಗಿ ತಲೆಯಾಡಿಸಿದ. ರಟ್ಟು ಎಳೆದುಕೊಂಡು ಬರೆದ: 'ಗಾಡಿಯವರಿಗೆ ಬೆಳಿಗ್ಗೆ ಬೆಲೆ ಹಾಕು ಅಂದವರು ಯಾರು?'

"ಹಾಕದೆ ಹೇಗಪ್ಪಾ?" ಮಗಳ ಧ್ವನಿಯೂ ಏರಿತು. "ಬೆಲೆ ಇಲ್ಲದ ಆರ್ಡರನ್ನ ನನ್ನ ಲೈಬ್ರರಿ ಒಪ್ಪಲ್ಲ. ಅದು ತಪ್ಪು ಅಂತಾನೇ ನಾನು ಬರೆದಿರೋದು. ಅದನ್ನ ನಂಬಿ ಎಷ್ಟೋ ಜನ ಬಳಸ್ತಿದಾರೆ."

"ಅವರು ಬಾಳೆಹಣ್ಣು ಮಾರ್ತಾರಾ?" ಅಂದ ತಮ್ಮ.

"ನೀನು ಬಾಯಿ ಮುಚ್ಚು. ನಿನಗೆ ಗೊತ್ತಿತ್ತು, ಹೇಳಲಿಲ್ಲ."

"ನಾನು ಕೇಳ್ದೆ, ತೊಂದರೆ ಇಲ್ವಾ ಅಂತ. ಏನು ತೊಂದರೆ ಅಂತ ನೀನೇ ಅಂದೆ."

"ಇಬ್ಬರೂ ಬ್ರೆಡ್ಡು ತಿನ್ನಿ," ಅಂದಳು ಅಮ್ಮ. ತಾನೂ ಒಂದು ತುಂಡು ಮುರಿದುಕೊಂಡು, ಈ ಸಲ ಅಪ್ಪನ ಕೈ ನೋಡದೆ ತನ್ನದೇ ಮಾತಾಡಿದಳು. "ಕೇಳು. ನಿಮ್ಮಪ್ಪ ಧರ್ಮಛತ್ರ ನಡೆಸ್ತಿಲ್ಲ. ಬೆಳಿಗ್ಗೇನೇ ಬೆಲೆ ಕಟ್ಟಿದ್ರೆ ಗಾಡಿಯವರು ಹೆದರಿ ಎರಡೇ ಕ್ರೇಟು ಒಯ್ತಾರೆ. ಉಳಿದಿದ್ದು ನಮ್ಮಲ್ಲೇ ಕೊಳೆಯುತ್ತೆ. ಬೆಲೆ ಸಂಜೆಗೆ ಅಂದ್ರೆ ಧೈರ್ಯವಾಗಿ ಆರು ಒಯ್ತಾರೆ. ಚೆನ್ನಾಗಿ ಹೋದ ದಿನ ಚೆನ್ನಾಗಿ ಕೊಡ್ತಾರೆ, ಕೆಟ್ಟ ದಿನ ಇಬ್ಬರೂ ಸ್ವಲ್ಪ ಸ್ವಲ್ಪ ನುಂಗ್ಕೋತೀವಿ. ಹಣ್ಣು ಹೊರಗೆ ಹೋಗಿರುತ್ತಲ್ಲ, ಅದು ಮುಖ್ಯ."

"ಅವರು ಸುಳ್ಳು ಹೇಳಿದ್ರೆ? ಚೆನ್ನಾಗಿ ಹೋಗಿದ್ರೂ ಹೋಗಲಿಲ್ಲ ಅಂದ್ರೆ?"

"ಹೇಳ್ತಾರೆ. ದಿನಾ ಹೇಳ್ತಾರೆ. ಸ್ವಲ್ಪ."

"ಮತ್ತೆ?"

"ಮತ್ತೆ ಏನು, ನಾವೂ ಸ್ವಲ್ಪ ಹೇಳ್ತೀವಿ."

ಅಪ್ಪ ಅಮ್ಮನನ್ನು ನೋಡಿದ. ಗಂಜಿಯ ಬಟ್ಟಲನ್ನು ಮತ್ತೆ ಹತ್ತಿರ ಎಳೆದುಕೊಂಡ.

ಮಗಳಿಗೆ ಇದನ್ನು ಪ್ರೋಗ್ರಾಂಗೆ ಇಳಿಸುವುದು ಸುಲಭವಾಗಿರಲಿಲ್ಲ. ಬೆಲೆಯಿಲ್ಲದೆ ಆರ್ಡರಿಲ್ಲ ಎನ್ನುವುದು ಅವಳ ಲೈಬ್ರರಿಯ ಮೂಲೆಗಲ್ಲು. ಅದನ್ನು ಅಲುಗಿಸಿದರೆ ಮೇಲಿರುವ ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಆದರೂ ಕೂತು ಹೊಸ ಬಗೆಯ ಆರ್ಡರೊಂದನ್ನು ಬರೆದಳು: ಸರಕು ಹೋಗುತ್ತದೆ, ಬೆಲೆ ಖಾಲಿಯಿರುತ್ತದೆ, ಆಮೇಲೆ ಕೊಟ್ಟವರು ಕೊಂಡವರು ಇಬ್ಬರೂ ಒಪ್ಪಿದಾಗ ಮಾತ್ರ ತುಂಬುತ್ತದೆ, ಅಲ್ಲಿಯವರೆಗೆ ಅದು ತಪ್ಪಲ್ಲ. ಬಳಸುವವರೆಲ್ಲರಿಗೂ ಹೀಗೊಂದು ಬದಲಾವಣೆ ಮಾಡುತ್ತಿದ್ದೇನೆ ಎಂದು ತಿಳಿಸಿದಳು. ಒಬ್ಬ ಇದು ಹುಚ್ಚುತನ ಎಂದು ಉತ್ತರಿಸಿದ. ಮತ್ತೊಬ್ಬ, ಎಲ್ಲೋ ಕಡಲ ಬದಿಯ ಮೀನು ವ್ಯಾಪಾರಿ, ಬರೆದ: ನಮ್ಮಲ್ಲೂ ದೋಣಿಯವರ ಜೊತೆ ಹೀಗೇ. ನಿಮ್ಮ ಪ್ರೋಗ್ರಾಂ ಬೈಯುತ್ತದೆ ಅಂತ ದಿನಾ ಬೆಳಿಗ್ಗೆ ಸೊನ್ನೆ ಹಾಕಿ ಅದನ್ನು ಮೋಸ ಮಾಡುತ್ತಿದ್ದೆ, ಕ್ಷಮಿಸಿ.

ಅದನ್ನು ಅವಳು ಅಮ್ಮನಿಗೆ ಓದಿ ಹೇಳಿದಳು. "ಪಾಪ, ಒಳ್ಳೆ ಮನುಷ್ಯ," ಅಂದಳು ಅಮ್ಮ. "ಮೀನು ತಾಜಾ ಇರುತ್ತಾ ಕೇಳು."

ಇನ್ನು ಗಾಡಿಯವರನ್ನು ಕರೆಯಬೇಕಿತ್ತು. ಮಗಳು ತಮ್ಮನ ಜೊತೆ ವ್ಯಾನು ಹತ್ತಿ ಬಸ್ಸು ನಿಲ್ದಾಣದ ಬಳಿಗೆ ಹೋದಳು. ಬಿರುಗಾಳಿ ಪಪ್ಪಾಯಿಗೆ ನೀರು ಚಿಮುಕಿಸುತ್ತಿದ್ದಳು, ನೋಡಿಯೂ ನೋಡದವಳಂತಿದ್ದಳು.

"ಅತ್ತೆ, ತಪ್ಪು ನನ್ನದು. ಇವನದಲ್ಲ, ಅಪ್ಪನದೂ ಅಲ್ಲ."

"ನಾನು ಯಂತ್ರದ ಹತ್ರ ಮಾತಾಡೋಳಲ್ಲಮ್ಮ. ಯಂತ್ರಕ್ಕೆ ಮೋಡ ಗೊತ್ತಾ, ಗಾಳಿ ಗೊತ್ತಾ?"

"ಈಗ ಬೆಲೆ ಜಾಗ ಖಾಲಿ ಬಿಡುತ್ತೆ ಅತ್ತೆ. ಸಂಜೆ ನೀವು ಬಂದು ಹೇಳಿದ ಮೇಲೇ ತುಂಬೋದು. ನಾನೇ ಕೂತಿರ್ತೀನಿ."

"ಎದುರುಗಡೆಯವನು ಒಳ್ಳೇವನಪ್ಪ. ಚಹಾ ಕೊಡ್ತಾನೆ."

"ಬೆಲೆ ಯಾವಾಗ ಹಾಕ್ತಾನೆ?" ಅಂದ ತಮ್ಮ.

ಬಿರುಗಾಳಿ ಒಂದು ಪಪ್ಪಾಯಿ ತಿರುಗಿಸಿ ಇಟ್ಟಳು. "ಬೆಳಿಗ್ಗೆ," ಅಂದಳು. ಅದರ ಮೇಲೆ ಇನ್ನಷ್ಟು ನೀರು ಚಿಮುಕಿಸಿ, "ಚಹಾನೂ ಕೊನೆಗೆ ನಮ್ಮದೇ ಲೆಕ್ಕಕ್ಕೆ ಅಂತ ಕಾಣುತ್ತೆ," ಅಂದಳು.

ಮರುದಿನ ಬೆಳಿಗ್ಗೆ ಅವಳು ಕ್ರೇಟಿಗೆ ಬಂದಳು. ಅವಳ ಹಿಂದೆ ಮೂರುಚಕ್ರ ಬಂದ. ಉಳಿದವರು ರಸ್ತೆಯ ಆಚೆಯಿಂದಲೇ, ಇವರಿಗೆ ಏನಾಗುತ್ತದೆಯೋ ನೋಡೋಣ ಎಂದು ಕಾದರು.

ಕಂಪನಿಯಿಂದ ಬೇಗ ಬಿಡುಗಡೆ ಕೇಳಿಕೊಂಡು ಮಗಳು ಸಂಜೆ ಮಂಡಿಯ ಮೇಜಿಗೆ ಬಂದು ಕೂತಳು. ಬಿರುಗಾಳಿ ಒಳಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಬಿಸಿಲೇನೋ ಇತ್ತು, ಕೊಳ್ಳೋರೇ ಇರಲಿಲ್ಲ. ಹಣ್ಣೂ ಸ್ವಲ್ಪ ಬಾಡಿತ್ತು. ಮೂವತ್ತಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ."

"ಆಯ್ತು ಅತ್ತೆ," ಅಂದಳು ಮಗಳು. ಮೂವತ್ತು ಎಂದು ಒತ್ತಿದಳು. ತೆರೆ ಹಸಿರಾಯಿತು.

ಬಿರುಗಾಳಿ ಕದಲಲಿಲ್ಲ. "ಆಯ್ತಾ?"

"ಆಯ್ತು."

"ಅಷ್ಟೇನಾ?"

"ಅಷ್ಟೇ. ಥ್ಯಾಂಕ್ಸ್ ಅತ್ತೆ."

ಮೂರುಚಕ್ರನೂ ತನ್ನದನ್ನು ಹೇಳಿದ, ಅದೂ ಹಸಿರಾಯಿತು. ಇಬ್ಬರೂ ಹೊರಗೆ ಹೋಗಿ ದೀಪದ ಕಂಬದ ಕೆಳಗೆ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಮಗಳು ಉತ್ಸಾಹದಿಂದ ಮನೆಗೆ ಬಂದು, "ಒಂದು ಮಾತಿಲ್ಲ, ಒಂದು ಜಗಳವಿಲ್ಲ, ಎರಡು ನಿಮಿಷಕ್ಕೆ ಮುಗೀತು," ಎಂದು ಕೈ ತೊಳೆದಳು. ಅಪ್ಪ ಎತ್ತಿದ ಚಮಚವನ್ನು ಹಾಗೇ ಕೆಳಗಿಟ್ಟ. ಅಮ್ಮನ ಕಡೆ ನೋಡಿ ಹಣೆಗೆ ಕೈ ಇಟ್ಟ. ಅಮ್ಮನಿಗೂ ಅರ್ಥ ಹೇಳಲು ಮನಸ್ಸಾಗಲಿಲ್ಲ.

ಅರ್ಥ ಹೇಳಲು ಬಿರುಗಾಳಿಯೇ ಬಂದಳು. ಮರುದಿನ ಮಂಡಿಗೆ ಹೋಗದೆ, ಬೆಳಿಗ್ಗೆ ನೇರ ಮನೆಯ ಹಿತ್ತಲ ಬಾಗಿಲಿಗೇ ಬಂದಳು.

"ಅತ್ತಿಗೆ, ನಿಮ್ಮ ಮಗಳು ನನ್ನ ಏನು ಅಂದ್ಕೊಂಡಿದಾಳೆ?"

"ಏನಾಯ್ತೇ?"

"ಮೂವತ್ತು ಅಂದೆ. ಆಯ್ತು ಅಂದ್ಬಿಟ್ಲು! ಮುಖ ಎತ್ತಿ ನೋಡಲಿಲ್ಲ, ಆಗಲ್ಲ ಅನ್ನಲಿಲ್ಲ, ಒಂದು ಬೈಗುಳ ಇಲ್ಲ. ನಾನೇನು ಕೈಯೊಡ್ಡೋಕೆ ಬಂದಿದ್ನಾ? ಇವರ ಕಥೆ ಮುಗೀತು, ಅಂಗಡಿ ಕೊಟ್ಟುಬಿಡ್ತಾರೆ, ಅದಕ್ಕೇ ಎಷ್ಟಾದ್ರೂ ಬರಲಿ ಅಂತಿದಾರೆ ಅಂತ ಮೂರುಚಕ್ರ ಅಂದ. ನಾನು, ಇವಳು ನಲವತ್ತು ಅಂತಾಳೆ, ಮೂವತ್ತೆಂಟಕ್ಕೆ ನಿಲ್ಲಿಸೋಣ ಅಂತ ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ. ಎಲ್ಲ ಹೊಟ್ಟೆಯಲ್ಲೇ ಉಳೀತು. ನಿದ್ದೆ ಬರಲಿಲ್ಲ ಅತ್ತಿಗೆ."

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಒಳಗಿನಿಂದ ಅಪ್ಪ ಬಂದ. ಅವನ ಭುಜವೂ ಕುಲುಕುತ್ತಿತ್ತು. ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳಿಸಿಕೊಂಡ ಮಗಳು ಮಾತ್ರ ನಗಲಿಲ್ಲ.

"ಕಮ್ಮಿಗೆ ಕೊಟ್ಟಿದ್ದಕ್ಕೆ ಕೋಪಾನಾ ಅತ್ತೆ?"

"ಕಮ್ಮಿಗೆ ಕೊಟ್ಟಿದ್ದಕ್ಕಲ್ಲ ಹುಡುಗೀ. ಕೇಳಿದ ತಕ್ಷಣ ಕೊಟ್ಟಿದ್ದಕ್ಕೆ. ಆಗಲ್ಲ ಅಂದಿದ್ರೆ, ಯಾಕೆ ಆಗಲ್ಲ ಅಂತ ನಾನು ಕೇಳ್ತಿದ್ದೆ. ಕ್ರೇಟಿನ ತಳ ಹೇಗಿತ್ತು, ಶಾಲೆ ಹತ್ರ ಎಷ್ಟು ಹೋಯ್ತು, ಎಲ್ಲ ಹೇಳ್ತಿದ್ದೆ. ನಿಮ್ಮಪ್ಪನಿಗೆ ಊರಲ್ಲಿ ಏನು ಮಾರುತ್ತೆ ಅಂತ ಗೊತ್ತಾಗೋದು ಮತ್ತೆ ಹೇಗೆ?"

ಮಗಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಇಬ್ಬರೂ ಒಪ್ಪಿದಾಗ ಮುಗಿಯುತ್ತದೆ ಎಂದು ಬರೆದಿದ್ದಳು. ಒಪ್ಪುವ ಮೊದಲು ನಡೆಯಬೇಕಾದ್ದು ಅವಳ ಲೆಕ್ಕಕ್ಕೇ ಬಂದಿರಲಿಲ್ಲ. ಒಬ್ಬರು ಹೇಳಿದ್ದು, ಇನ್ನೊಬ್ಬರು ತಿರುಗಿ ಹೇಳಿದ್ದು, ಯಾಕೆಂದದ್ದು, ಇವಕ್ಕೆಲ್ಲ ಲೈಬ್ರರಿಯಲ್ಲಿ ಜಾಗ ಮಾಡಬಹುದಿತ್ತು, ಆಮೇಲೆ ಮಾಡಿದಳು ಕೂಡ. ಆದರೆ ಬಾಯಲ್ಲಿ ಹೇಳುವವರು ಬೇಕಿತ್ತಲ್ಲ.

"ಇವತ್ತು ಬನ್ನಿ ಅತ್ತೆ. ಜಗಳ ಆಡ್ತೀನಿ."

"ಮಾತು ಕೊಡ್ತೀಯಾ?"

"ಕೊಟ್ಟೆ."

ಮಧ್ಯಾಹ್ನದ ಊಟ ಅಭ್ಯಾಸಕ್ಕೆ ಮೀಸಲಾಯಿತು. ಅಮ್ಮ ಬಿರುಗಾಳಿಯಾದಳು. ಬ್ರೆಡ್ಡಿನ ತುಂಡು ತೋರಿಸಿ, "ಈ ಒಣಕಲಿಗೆ ಇಪ್ಪತ್ತು," ಅಂದಳು.

"ಆಗಲ್ಲ," ಅಂದಳು ಮಗಳು, ಕ್ಷಮೆ ಕೇಳುವವಳ ಹಾಗೆ.

ಅಪ್ಪ ಚಮಚದಿಂದ ಮೇಜು ಬಡಿದು, ಗಲ್ಲ ಎತ್ತಿ ತೋರಿಸಿದ.

"ತಲೆ ಎತ್ತು ಅಂತಿದಾರೆ. ಆಸ್ಪತ್ರೇಲಿ ಕೂತವಳ ಹಾಗೆ ಹೇಳಬೇಡ ಅಂತಿದಾರೆ," ಅಂದಳು ಅಮ್ಮ. ಈ ಸಲ ಅಪ್ಪ ತಕರಾರು ಮಾಡಲಿಲ್ಲ.

"ಆಗಲ್ಲ!"

"ಯಾಕಾಗಲ್ಲ? ನೋಡು, ಅಂಚೆಲ್ಲ ಮುರಿದಿದೆ."

"ಅಂಚು ಮುರಿದಿದ್ದು ನೀವೇ ಅಲ್ವಾ?"

ಅಪ್ಪ ಚಮಚ ಎರಡು ಸಲ ಬಡಿದ. ಅದು ಶಹಭಾಸ್. ತಮ್ಮ ಮಧ್ಯೆ ಬಾಯಿ ಹಾಕಿ, "ಅಮ್ಮಾ, ನೀನೇ ಮಂಡಿಗೆ ಬಂದುಬಿಡು," ಅಂದ. "ನಾನು ಬಂದ್ರೆ ನಿಮಗೆ ಅನ್ನ ಹಾಕೋರು ಯಾರು? ನೀನು ಮಾಡ್ತೀಯಾ?" ಅಂದಳು. ಅವನು ತಟ್ಟೆ ಎತ್ತಿಕೊಂಡು ತೊಳೆಯಲು ಹೋದ. ಆ ವಾರದಲ್ಲಿ ಅವನು ಕಲಿತದ್ದು ಅದು.

ಅವತ್ತಿನ ಸಂಜೆ ಮಗಳು ಮೂರು ಸಲ ಆಗಲ್ಲ ಅಂದು ನಾಲ್ಕನೆಯದಕ್ಕೆ ಸೋತಳು. ಮರುದಿನ ಅರ್ಧ ಗೆದ್ದಳು. ಬಿರುಗಾಳಿಯ ಗದ್ದಲ ರಸ್ತೆಯ ಆಚೆಗೂ ಕೇಳಿಸಿತು. ಒಳಗೆ ಏನೋ ನಡೆಯುತ್ತಿದೆ ಎಂದು ಗಾಡಿಗಳವರು ಒಬ್ಬೊಬ್ಬರೇ ಇಣುಕಿದರು. ಇಣುಕಿದವರಲ್ಲಿ ಕೆಲವರು ಬೆಳಿಗ್ಗೆ ಕ್ರೇಟಿಗೂ ಬಂದರು. ಎಲ್ಲರೂ ಬರಲಿಲ್ಲ. ಇಬ್ಬರು ಎದುರುಗಡೆಯೇ ಉಳಿದರು, ಅವರಿಗೆ ಬೆಳಗಿನ ಬೆಲೆಯೇ ಹಿತವೆನಿಸಿತ್ತು. ಹಿಂದಿನ ಕೋಣೆಯಲ್ಲಿ ಕಪ್ಪಗಾಗುವ ಬಾಳೆಹಣ್ಣು ಮಾತ್ರ ಕಡಿಮೆಯಾಯಿತು. ಗಾಡಿಯವರು ಕೊಟ್ಟ ಕಾರಣಗಳನ್ನೆಲ್ಲ ಮಗಳು ಬರೆದಿಡುತ್ತಿದ್ದಳು: ಶಾಲೆಗೆ ರಜೆ, ಬಸ್ಸು ಮುಷ್ಕರ, ಪಕ್ಕದಲ್ಲಿ ಐಸ್‌ಕ್ರೀಮಿನವನು. ಕ್ರಮೇಣ ಬೆಳಿಗ್ಗೆಯೇ ಅವಳ ಪ್ರೋಗ್ರಾಂ, ಇವತ್ತು ಕಲ್ಲಂಗಡಿ ಕಡಿಮೆ ಕೊಡಿ ಎನ್ನಲು ಕಲಿಯಿತು. ಅಪ್ಪ ಅದನ್ನು ಓದಿ, ಹಣ್ಣು ಒತ್ತಿ ನೋಡಿ, ಕೆಲವು ಸಲ ಒಪ್ಪಿದ, ಕೆಲವು ಸಲ ಕೈ ಬೀಸಿ ತಳ್ಳಿಹಾಕಿದ. ತಳ್ಳಿಹಾಕಿದ್ದರಲ್ಲಿ ಅವನದೂ ತಪ್ಪಾಗುತ್ತಿತ್ತು. ಆಗ ಮಫ್ಲರನ್ನು ಮೂಗಿನವರೆಗೂ ಎಳೆದುಕೊಳ್ಳುತ್ತಿದ್ದ.

ಡಾಕ್ಟರು ಕೊನೆಗೆ ಮಾತಾಡಿ ನೋಡಿ ಎಂದದ್ದು ಇಂಥ ಒಂದು ದಿನ. ಅಮ್ಮ ಜೊತೆಯಲ್ಲಿದ್ದಳು. ಅಪ್ಪ ಅವಳ ಹೆಸರು ಹಿಡಿದು ಕರೆದನಂತೆ. ಒಡೆದ ಕೊಳಲಿನಂಥ ತೆಳುವಾದ ಸದ್ದು. ಇಷ್ಟೇ ಬರುತ್ತದೆ, ಇನ್ನು ಕೂಗುವ ಹಾಗಿಲ್ಲ ಎಂದರು ಡಾಕ್ಟರು. ದಾರಿಯಲ್ಲಿ ಮನೆಗೆ ಹೋಗೋಣ ಎಂದಳು ಅಮ್ಮ. ಅಪ್ಪ ಮಂಡಿಯ ಕಡೆ ಕೈ ತೋರಿಸಿದ, ಆಮೇಲೆ ನೆನಪಾಗಿ, "ಅಂಗಡಿಗೆ," ಅಂದ.

ಸಂಜೆಯಾಗಿತ್ತು. ಗಾಡಿಗಳು ಹೊರಗೆ ಸಾಲಾಗಿ ನಿಂತಿದ್ದವು. ಎದುರಂಗಡಿಯವನು ಅಪ್ಪನನ್ನು ಕಂಡು ರಸ್ತೆ ದಾಟಿ ಬಂದು, "ಏನಂದ್ರು? ಯೋಚನೆ ಮಾಡಿದ್ಯಾ?" ಎಂದು ಕೇಳಿದ.

ಅಪ್ಪ ಗಾಡಿಗಳನ್ನು ನೋಡಿದ, ಅವನನ್ನು ನೋಡಿದ. "ಕೊಡಲ್ಲ," ಅಂದ. ತೆಳು ದನಿ ಅವನಿಗೆ ಕೇಳಿಸಿತೋ ಇಲ್ಲವೋ ಎಂದು ತಲೆಯನ್ನೂ ಅಡ್ಡಡ್ಡ ಆಡಿಸಿದ.

ಒಳಗೆ ಬಿರುಗಾಳಿ ಮೇಜಿನ ಮುಂದೆ ನಿಂತಿದ್ದಳು, ಮಗಳು ತಲೆ ಎತ್ತಿ ಕೂತಿದ್ದಳು. ಅಪ್ಪನನ್ನು ನೋಡಿದ್ದೇ ಬಿರುಗಾಳಿ ತಿರುಗಿದಳು.

"ಅಣ್ಣಾ! ಧ್ವನಿ ಬಂತಾ? ಎಲ್ಲಿ, ಒಂದು ಮಾತಾಡು."

"ಬಂತು," ಅಂದ ಅಪ್ಪ.

ಆ ಸದ್ದು ಕೇಳಿ ಬಿರುಗಾಳಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಆದರೆ ಅವಳು ಅದನ್ನು ಬೇಗ ನುಂಗಿಕೊಂಡಳು. "ಸದ್ಯ! ನೀನೇ ಹೇಳಿಬಿಡು ಹಾಗಾದ್ರೆ. ನಿನ್ನ ಮಗಳು ಒಂದು ಬಿಡಿಗಾಸು ಇಳಿಸ್ತಿಲ್ಲ. ದ್ರಾಕ್ಷಿ ಕ್ರೇಟಿಗೆ ಎಷ್ಟು?"

ಮಗ ಹೊತ್ತ ಕ್ರೇಟನ್ನು ಕೆಳಗಿಡದೆ ಹಾಗೇ ನಿಂತ. ಮೂರುಚಕ್ರ ಬಾಗಿಲಲ್ಲಿ ನಿಂತ. ಅಪ್ಪ ದ್ರಾಕ್ಷಿಯ ಕಡೆ ನೋಡಲಿಲ್ಲ, ಆಕಾಶ ನೋಡಲಿಲ್ಲ. ಇಷ್ಟು ದಿನದ ಮೇಲೆ ತನ್ನ ಬಾಯಲ್ಲಿ ಬೆಲೆ ಬರುವ ಸಂತೋಷವೇ ಅವನಿಗೆ ಸಾಕಾಗಿತ್ತು.

"ಐವತ್ತು," ಅಂದ.

ಬಿರುಗಾಳಿಯ ಮುಖ ಅರಳಿತು. ಕೈ ಹಣದ ಚೀಲಕ್ಕೆ ಹೋಯಿತು.

"ಆಗಲ್ಲ," ಅಂದಳು ಮಗಳು.

ಎಲ್ಲರೂ ಅವಳ ಕಡೆ ತಿರುಗಿದರು. ಅಪ್ಪನೂ ತಿರುಗಿದ.

"ಆಗಲ್ಲಪ್ಪಾ. ಅತ್ತೆ ಇವತ್ತು ಆಸ್ಪತ್ರೆ ಗೇಟಲ್ಲಿ ನಿಂತಿದ್ರು, ಮಧ್ಯಾಹ್ನದೊಳಗೆ ಖಾಲಿ ಮಾಡಿದಾರೆ, ಇನ್ನೆರಡು ಕ್ರೇಟು ಕೊಡು ಅಂತ ತಮ್ಮನಿಗೆ ಅವರೇ ಫೋನು ಮಾಡಿದಾರೆ. ಐವತ್ತಕ್ಕೆ ಹೇಗೆ ಕೊಡ್ತೀಯ?"

ಅಪ್ಪ ಅಮ್ಮನ ಕಡೆ ನೋಡಿದ. ಅವಳು ಈ ಸಲ ಯಾವ ಅರ್ಥವನ್ನೂ ಹೇಳಲಿಲ್ಲ, ಮೇಲಿನ ಬಲ್ಬು ನೋಡುತ್ತ ನಿಂತಳು. ಅಪ್ಪ ಗೋಡೆಯ ಬದಿಯ ಬೆಂಚಿನ ಮೇಲಿದ್ದ ಚೀಲ ಸರಿಸಿ ಕೂತುಕೊಂಡ, ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

ಬಿರುಗಾಳಿ ಅವನನ್ನು ನೋಡಿದಳು, ಮಗಳನ್ನು ನೋಡಿದಳು. ಖಾಲಿ ಕ್ರೇಟೊಂದನ್ನು ಕಾಲಿನಿಂದ ಎಳೆದು, ಬೋರಲು ಹಾಕಿ, ಮೇಜಿನ ಎದುರಿಗೆ ಗಟ್ಟಿಯಾಗಿ ಕೂತಳು.

"ಸರಿ," ಅಂದಳು. "ಈಗ ಹೇಳು. ಯಾಕಾಗಲ್ಲ?"